ಪಣಜಿಯಲ್ಲಿ ತುಂಬಿದ ಕೊಡ

ಮಧ್ಯಾಹ್ನದ ಬುತ್ತಿಗೆ ಗಣಿಯ ಕೆಲಸ ನಿಂತಿತ್ತು. ಭಂಕೂರಿನ ಹೊರಗೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎಬ್ಬಿಸುವ ಗಣಿಯ ಅಂಚಿನ ಜಾಲಿಗಿಡದ ನೆರಳಲ್ಲಿ ನೀರಿನ ಕೊಡ ಇತ್ತು. ತುಳಜಾಬಾಯಿ ಹತ್ತಿರ ಬಂದಾಗ, ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಮಾಣಿಕಮ್ಮ ಚರಿಗೆಯಲ್ಲಿ ನೀರು ಮೊಗೆದು, ಮೇಲಿಂದ ಸುರಿಯಲು ಕೈ ಎತ್ತಿ ನಿಂತಳು. ಕೆಳಗೆ ಬೊಗಸೆ ಬರಲಿಲ್ಲ. ತುಳಜಾಬಾಯಿ ಆಕೆಯ ಕೈಯಿಂದ ಚರಿಗೆ ತೆಗೆದುಕೊಂಡು ಕುಡಿದಳು. ಖಾಲಿಯಾದ ಮೇಲೆ ತಾನೇ ಕೊಡಕ್ಕೆ ಅದ್ದಿ ಇನ್ನೊಮ್ಮೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಹೊಸಾಕಿ ಇದ್ದಿ, ನಿನಗ ಗೊತ್ತಿಲ್ಲ. ನಾ ಕೈ ಒಡ್ಡಿ ಕುಡಿಯಂಗಿಲ್ಲ,” ಅಂದಳು.

“ಅದ್ಯಾವಾಗಿಂದ?” ಮಾಣಿಕಮ್ಮನ ದನಿಯಲ್ಲಿ ಕೊಂಕಿತ್ತು.

“ಪಣಜಿ ನೋಡಿ ಬಂದಾಗಿಂದ.”

ಬುತ್ತಿ ಬಿಚ್ಚುತ್ತಿದ್ದ ಉಳಿದ ಹೆಂಗಸರು ನಕ್ಕರು. ೧೯೮೩ರ ಹೊತ್ತಿಗೆ ಆ ಗಣಿಯಲ್ಲಿ, ಹೊಸಬರನ್ನು ಬಿಟ್ಟರೆ, ಪಣಜಿಯ ಸಂಗತಿ ತಿಳಿಯದವರು ಯಾರೂ ಉಳಿದಿರಲಿಲ್ಲ.

ತುಳಜಾಬಾಯಿ ಹುಟ್ಟಿದ್ದು ಕಾಗಿಣಾ ದಂಡೆಯ ದಂಡೋತಿಯಲ್ಲಿ. ಬೇಸಿಗೆಗೆ ಹೊಳೆ ಸೊರಗಿದಾಗ ಊರ ಮಂದಿ ಮರಳಿನಲ್ಲಿ ಒರತೆ ತೋಡಿ ನೀರು ತುಂಬುತ್ತಿದ್ದರು. ಒಕ್ಕಲುತನದ ಮನೆಗಳವರ ಒರತೆ ಮೇಲುಗಡೆ, ತುಳಜಾಬಾಯಿಯ ಕೇರಿಯವರದು ಕೆಳಗಡೆ. ಹೊಳೆ ಮೇಲಿಂದ ಕೆಳಕ್ಕೆ ಹರಿಯುತ್ತದೆ, ಇವರು ಮುಟ್ಟಿದ ನೀರು ಹಿಂದಕ್ಕೆ ಹೋಗಿ ಅವರನ್ನು ತಾಕಲಾರದು ಎಂಬುದು ಅದರ ಹಿಂದಿನ ಲೆಕ್ಕ. ಅಪ್ಪ ಲಾಲಪ್ಪ ಬುದ್ಧನ ದೀಕ್ಷೆ ತೆಗೆದುಕೊಂಡು, ಜಗಲಿಯ ಮೇಲಿದ್ದ ದೇವರುಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಳೆಗೆ ಬಿಟ್ಟುಬಂದ. ಆ ವರ್ಷವೂ ಒರತೆಗಳು ಇದ್ದಲ್ಲೇ ಇದ್ದವು.

ಮದುವೆಯಾಗಿ ಭಂಕೂರಿಗೆ ಬಂದ ಮೇಲೆ ಆಕೆ ಗಣಿಗೆ ಸೇರಿದಳು. ಗಂಡ ರಾಮಲಿಂಗ ಸಿಮೆಂಟಿನ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದ. ಕೆಲವು ವರ್ಷದ ಮೇಲೆ ಸಾಯಬಣ್ಣನೆಂಬ ಮುಕಾದಮ ಆಕೆಯನ್ನು ತನ್ನ ತಂಡಕ್ಕೆ ಕರೆದ. ಸಾಯಬಣ್ಣ ಚಿಂಚೋಳಿ ಕಡೆಯ ಕೊಡ್ಲಿಯವನು, ಒಕ್ಕಲು ಮನೆತನದವನು. ಶಹಾಬಾದಿನ ಫರ್ಸಿ ಎಲ್ಲಿಗೆ ಹೋದರೂ ಅದರ ಹಿಂದೆ ಮಂದಿ ಕಟ್ಟಿಕೊಂಡು ಹೋಗಿ ನೆಲ ಹಾಕಿಸಿ ಬರುತ್ತಿದ್ದ. ತುಳಜಾಬಾಯಿಯನ್ನು ಕರೆದದ್ದು ಆಕೆಯ ಎತ್ತರಕ್ಕೆ. ದೊಡ್ಡ ಫರ್ಸಿಯನ್ನು ಇಬ್ಬರು ಹೆಂಗಸರು ಎದುರುಬದುರಾಗಿ ಹಿಡಿದು ಸಾಗಿಸಬೇಕು. ಒಬ್ಬಳು ಗಿಡ್ಡಾದರೆ ಕಲ್ಲು ಅವಳ ಕಡೆ ವಾಲುತ್ತದೆ, ಮೂಲೆ ನೆಲಕ್ಕೆ ಬಡಿದು ಸೀಳುತ್ತದೆ. ತಂಡದಲ್ಲಿದ್ದ ಸೇಡಮಿನ ಗುಂಡಮ್ಮ ಗಂಡಸರ ಭುಜ ದಾಟುವ ಹೆಂಗಸು. ಅವಳಿಗೆ ಸರಿಜೋಡಿ ಸಿಕ್ಕಿರಲಿಲ್ಲ. ತುಳಜಾಬಾಯಿ ಬಂದ ಮೇಲೆ ಜೋಡಿ ಕೂಡಿತು.

ಗುಂಡಮ್ಮ ಸಾಯಬಣ್ಣನ ಪೈಕಿ, ಒಕ್ಕಲು ಮನೆತನದವಳೇ. ದಿನವಿಡೀ ಇಬ್ಬರೂ ಒಂದೇ ಕಲ್ಲು ಹಿಡಿದು ನಡೆಯುವರು. ಒಬ್ಬಳ ಬೆವರು ಹನಿದದ್ದು ಇನ್ನೊಬ್ಬಳ ಕಾಲಿನ ಮೇಲೆ ಬೀಳುತ್ತಿತ್ತು. ನೀರಡಿಕೆಯಾದರೆ ಮಾತ್ರ ಗುಂಡಮ್ಮ ತಂಡದ ಅಲ್ಯುಮಿನಿಯಂ ಕೊಡದಿಂದ ಚರಿಗೆ ತುಂಬಿ ಮೇಲಿಂದ ಸುರಿಯುವಳು, ತುಳಜಾಬಾಯಿ ಬಗ್ಗಿ ಬೊಗಸೆಯಲ್ಲಿ ಹಿಡಿದು ಕುಡಿಯುವಳು. ತಂಡದಲ್ಲೇ ಇದ್ದ ಶಹಾಬಾದಿನ ಜಾನಬಿ ಒಮ್ಮೆ ಕೇಳಿದ್ದಳು, “ಕಲ್ಲಿಗಿ ಹತ್ತಲಾರದ ಮೈಲಿಗಿ ಕೊಡಕ್ಕ ಹ್ಯಾಂಗ ಹತ್ತತದವ್ವಾ?” ಗುಂಡಮ್ಮ, “ಹಂಗ ನಡಕೋತ ಬಂದದ,” ಅಂದಳು. ಅಷ್ಟಕ್ಕೆ ಮಾತು ಮುಗಿದಿತ್ತು.

೧೯೬೯ರ ಚಳಿಗಾಲದಲ್ಲಿ ತಂಡ ಮುಂಬಯಿಯಲ್ಲಿ ಒಂದು ಕಟ್ಟಡದ ನೆಲ ಮುಗಿಸಿತು. ಮುಂದಿನ ಕೆಲಸ ಕಾರವಾರದ ಒಂದು ಅತಿಥಿಗೃಹ. ಅಲ್ಲಿಗೆ ರೈಲಿಲ್ಲ. ಶಹಾಬಾದಿನಿಂದ ಗೂಡ್ಸ್ ಗಾಡಿಯಲ್ಲಿ ಬಂದ ಫರ್ಸಿಯನ್ನು ಹಡಗಿಗೆ ಹೇರಿ, ಮಂದಿಯೂ ಅದೇ ಹಡಗು ಹತ್ತಿದರು. ಮೇಲಿನ ಅಂತಸ್ತಿನಲ್ಲಿ ಕುರ್ಚಿ ಹಾಕಿಕೊಂಡ ಪ್ರವಾಸಿಗಳು, ಕೆಳಗೆ ಚಾಪೆ ಹಾಸಿದ ಇಂಥವರು. ಕೆಳಗಿನವರೆಲ್ಲರಿಗೂ ಒಂದೇ ನಳ. ಅದರ ಮುಂದೆ ಸಾಯಬಣ್ಣ ಮೊದಲ ಸಲ ಯಾರ ಹಿಂದೆ ಯಾರೆಂದು ಕೇಳದೆ ನಿಂತದ್ದನ್ನು ತುಳಜಾಬಾಯಿ ನೋಡಿದಳು.

ಮರುದಿನ ಬೆಳಿಗ್ಗೆ ಹಡಗು ಪಣಜಿಯ ಧಕ್ಕೆಗೆ ತಾಗಿತು. ಸರಕು ಇಳಿಸಬೇಕಿತ್ತು, ಮಧ್ಯಾಹ್ನದ ತನಕ ಬಿಡುವು. ಮೇಲಿನವರು ಟೋಪಿ, ಕ್ಯಾಮೆರಾ ಹಿಡಿದು ಊರು ನೋಡಲು ಇಳಿದರು. ತಂಡದ ಗಂಡಸರೂ ಇಳಿದರು. ಹೆಂಗಸರು ಸಾಮಾನು ಕಾಯುತ್ತ ಕೂಡಬೇಕೆಂದು ಸಾಯಬಣ್ಣ ಹೇಳಿದ. ಗುಂಡಮ್ಮ ರಾತ್ರಿಯಿಂದ ವಾಂತಿ ಮಾಡಿ ಸೋತು ಮಲಗಿದ್ದಳು. ನಳದ ನೀರು ಬೆಚ್ಚಗಾಗಿ ತುಕ್ಕು ನಾರುತ್ತಿತ್ತು, ಗುಟುಕು ಒಳಗಿಳಿದರೆ ಹೊರಬರುತ್ತಿತ್ತು. ಕೊಡ ಖಾಲಿ ಬಿದ್ದಿತ್ತು. ತುಳಜಾಬಾಯಿ ಅದನ್ನೆತ್ತಿ ಬಗಲಿಗೆ ಇಟ್ಟುಕೊಂಡು, ಧಕ್ಕೆಗೆ ಹಾಕಿದ ಹಲಗೆಯ ಕಡೆ ನಡೆದಳು.

ಹಲಗೆಯ ಬಾಯಲ್ಲಿ ಸಾಯಬಣ್ಣ ನಿಂತಿದ್ದ. “ಎಲ್ಲಿಗಿ ಹೊಂಟಿ?”

“ನೀರ್ ತರ್ಲಿಕ್ಕಿ ಹೊಂಟೀನ್ರಿ. ಊರೂ ನೋಡಿದಂಗಾತು.”

“ಆ ಕೊಡ ಯಾರಿಗಿ ಕೇಳಿ ಎತ್ಕೊಂಡಿ?”

“ಖಾಲಿ ಬಿದ್ದಿತ್ತು, ಎತ್ಕೊಂಡೆ.”

“ಕೆಳಗಿಡು. ಸಾಮಾನ್ ಕಾಯ್ಕೋತ ಕುಂದ್ರು ಅಂತ ಹೇಳೀನಿ.”

“ಫರ್ಸಿ ಯಾರ್ ಒಯ್ತಾರ್ರಿ ಮುಕಾದಮ್ರೇ? ಹೊತ್ತೊಯ್ಯೋ ಕಳ್ಳ ಸಿಕ್ರ ಅವನಿಗೇ ಕೆಲಸಕ್ಕ ಇಟ್ಕೋರಿ.”

ಚಾಪೆಯ ಮೇಲಿಂದ ಜಾನಬಿ ನಕ್ಕಳು. ಆ ನಗೆಯನ್ನು ಸಾಯಬಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ. “ನೋಡು, ಆ ಕೊಡ ತಗೊಂಡು ಇಳದಿ ಅಂದ್ರ ಕಾರವಾರದಾಗ ನಿನಗ ಕೆಲಸ ಇಲ್ಲ. ಬರೋ ಹಡಗಿಗೇ ವಾಪಸ್ ಹೋಗಬೇಕು. ತಿಳೀತಿಲ್ಲೋ?”

“ತಿಳೀತ್ರಿ,” ಅಂದು ಆಕೆ ಇಳಿದಳು.

ಮುಕಾದಮ ಬಿಟ್ಟ ಹೆಂಗಸಿಗೆ ಊರಲ್ಲಿ ಏನು ಕಾದಿರುತ್ತದೆಂದು ಆಕೆಗೆ ಗೊತ್ತಿತ್ತು. ಗಣಿಯಲ್ಲಿ ಆಕೆಯ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಸಾಯಬಣ್ಣ ಯಾಕೆ ಬಿಟ್ಟ ಎಂದು ಉಳಿದ ಮುಕಾದಮರು ಕೇಳದೆ ಇರುವವರಲ್ಲ. ಗೊತ್ತಿದ್ದೇ ನಡೆದಳು. ನಡೆಯುತ್ತ ಊರು ನೋಡಿದಳು.

ಧಕ್ಕೆಯ ಹೊರಗೆ ಗೋಡಂಬಿ ಮಾರುವವರು, ಕಪ್ಪೆಚಿಪ್ಪಿನ ಸರ ಮಾರುವವರು ಪ್ರವಾಸಿಗಳನ್ನು ಸುತ್ತುವರಿದಿದ್ದರು. ಒಬ್ಬ ಟ್ಯಾಕ್ಸಿಯವನು ಆಕೆಯನ್ನೂ ನೋಡಿ, “ಬೀಚ್, ಬಾಯಿ, ಬೀಚ್?” ಎಂದು ಕೂಗಿದ. ಆಕೆ ಹಿಂದೆ ತಿರುಗಿ ನೋಡಿದಳು, ಬೇರೆ ಯಾರೂ ಇರಲಿಲ್ಲ. “ಕಾಲು ಅದಾವಲ್ಲಪ್ಪ,” ಎಂದು ತನ್ನ ಭಾಷೆಯಲ್ಲೇ ಹೇಳಿ ಅವನು ತೋರಿಸಿದ ದಿಕ್ಕಿಗೆ ಹೊರಟಳು. ಎಡಕ್ಕೆ ಕೆಂಪು ಹೆಂಚಿನ ಮನೆಗಳು, ಕಬ್ಬಿಣದ ಕಟಕಟೆಯ ಉಪ್ಪರಿಗೆಗಳು. ಬಲಕ್ಕೆ ಹೊಳೆ. ಅಷ್ಟು ಅಗಲದ ಹೊಳೆಯನ್ನು ಆಕೆ ಕಂಡಿರಲಿಲ್ಲ. ರಸ್ತೆಯುದ್ದಕ್ಕೂ ಗಿಡಗಳ ನೆರಳು. ಮನೆಗಳ ಪಡಸಾಲೆಗಳತ್ತ ಆಕೆಯ ಕಣ್ಣು ತಾನಾಗಿ ಹೋಗುತ್ತಿತ್ತು. ಎಲ್ಲ ಕೆಂಪು ನೆಲ, ಊರ ಕಡೆಯ ಕಲ್ಲು ಎಲ್ಲೂ ಕಾಣಲಿಲ್ಲ. ರಸ್ತೆ ಮುಗಿದಲ್ಲಿ ಮರಳು ಶುರುವಾಯಿತು. ಮರಳಿನಾಚೆ ಹೊಳೆ ಸಮುದ್ರಕ್ಕೆ ಬೀಳುತ್ತಿತ್ತು.

ಪ್ರವಾಸಿಗಳು ಪ್ಯಾಂಟು ಮಡಚಿ ನೀರಲ್ಲಿ ನಿಂತಿದ್ದರು. ತುಳಜಾಬಾಯಿಯೂ ಸ್ವಲ್ಪ ಹೊತ್ತು ಕಾಲು ತೋಯಿಸಿ ನಿಂತಳು. ಆಮೇಲೆ ದಂಡೋತಿಯ ಹೆಣ್ಣುಮಗಳು ಮರಳು ಕಂಡಾಗ ಮಾಡುವುದನ್ನೇ ಮಾಡಿದಳು. ಅಲೆ ಮುಟ್ಟದ ಜಾಗ ನೋಡಿ ಕುಳಿತು ಕೈಯಿಂದ ಒರತೆ ತೋಡಿದಳು. ನೀರು ಜಿನುಗಿತು. ಮೊದಲ ರಾಡಿ ನೀರನ್ನು ಮೊಗೆದು ಚೆಲ್ಲಿದಳು, ಎರಡನೆಯದನ್ನೂ ಚೆಲ್ಲಿದಳು, ಮೂರನೆಯದು ತಿಳಿಯಾಗುವ ತನಕ ಕಾದು ಬೊಗಸೆಯಲ್ಲಿ ಎತ್ತಿ ಕುಡಿದಳು. ತಕ್ಷಣ ಉಗುಳಿದಳು. ಬರೀ ಉಪ್ಪು.

ಹತ್ತಿರದಲ್ಲೇ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಮುದ್ರದ ದಂಡೆಯಲ್ಲಿ ಬಾವಿ ತೋಡುತ್ತೀಯಾ ಎಂದು ಅವಳು ಕೊಂಕಣಿಯಲ್ಲಿ ಕೇಳಿದ್ದು, ಮರಾಠಿ ಬಲ್ಲ ತುಳಜಾಬಾಯಿಗೆ ಅರ್ಧ ತಿಳಿಯಿತು. ಇವಳಿಗೂ ನಗು ಬಂತು. ಹೆಂಗಸು ಕೈಸನ್ನೆ ಮಾಡಿ ತೆಂಗಿನ ಗಿಡಗಳ ಹಿಂದಿನ ಬಾವಿಗೆ ಕರೆದೊಯ್ದಳು.

ಬಾವಿಯ ಕಟ್ಟೆ ಇನ್ನೂ ಕೆಲವು ಮಾರು ದೂರವಿದ್ದಾಗ ತುಳಜಾಬಾಯಿಯ ಕಾಲು ನಿಂತವು. ಹೀಗೆ ದೂರ ನಿಂತು, ಯಾರಾದರೂ ಸೇದಿ ಹಾಕುವ ತನಕ ಕಾಯುವುದು ಕಾಲಿಗೆ ರೂಢಿ. ತಲೆ ದೀಕ್ಷೆ ತೆಗೆದುಕೊಂಡು ಎಷ್ಟೋ ವರ್ಷವಾಗಿತ್ತು, ಕಾಲಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಆಕೆಗೆ ತನ್ನ ಕಾಲಿನ ಮೇಲೇ ಸಿಟ್ಟು ಬಂತು. ಹೆಂಗಸು ಹಗ್ಗ ಚಾಚಿ, ಬಾ ಎಂದು ತಲೆಯಾಡಿಸಿದಳು. ತುಳಜಾಬಾಯಿ ಹೋಗಿ ಕಟ್ಟೆ ಹತ್ತಿದಳು, ಸೇದಿದಳು, ಕೊಡ ತುಂಬಿದಳು. ಆ ಹೆಂಗಸು ಜಾತಿ ಕೇಳಲಿಲ್ಲ. ಗೋವೆಯಲ್ಲೂ ಕೇಳುವವರಿದ್ದಾರೆಂದು ತುಳಜಾಬಾಯಿಗೆ ಆಮೇಲೆ ತಿಳಿಯಿತು; ಅಷ್ಟರಲ್ಲಿ ಕೊಡ ತುಂಬಿಯಾಗಿತ್ತು.

ಮರಳು ದಾಟಿ ರಸ್ತೆಗೆ ಬರುವಾಗ ಎದುರಿಗೆ ಸಾಯಬಣ್ಣ ಬಂದ. ಬಿಸಿಲಿಗೆ ಮುಖ ಕೆಂಪಾಗಿ, ತುಟಿ ಒಣಗಿದ್ದವು.

“ಹಡಗು ಸೀಟಿ ಹೊಡದದ. ಊರೆಲ್ಲ ಹುಡುಕಸ್ತಿ ಏನು?”

“ನೀವ್ಯಾಕ ಬಂದ್ರಿ? ನಾ ಹ್ಯಾಂಗೂ ಕೆಲಸದಾಗ ಇಲ್ಲಲ್ರಿ.”

“ಕೊಡದ ಸಲುವಾಗಿ ಬಂದೀನಿ.”

“ತಗೋರಿ.” ಆಕೆ ಕೊಡ ಮುಂದೆ ಹಿಡಿದಳು. ಸಾಯಬಣ್ಣ ಅದನ್ನು ನೋಡಿದ, ಕೈ ಚಾಚಲಿಲ್ಲ.

ತುಳಜಾಬಾಯಿ ಕೊಡವನ್ನು ಮತ್ತೆ ಬಗಲಿಗೇರಿಸಿ, ಹೊಳೆ ಸಮುದ್ರ ಸೇರುವ ಕಡೆ ಗದ್ದ ಎತ್ತಿ ತೋರಿಸಿದಳು. “ದಂಡೋತ್ಯಾಗ ನಿಮ್ಮಂಥವರ ವರತಿ ಮ್ಯಾಲ, ನಮ್ದು ಕೆಳಗ. ಇಲ್ಲಿ ನೋಡ್ರಿ, ಎಲ್ಲಾ ಹೊಳಿ ಕೆಳಗೇ ಬಂದು ಬಿದ್ದಾವ. ಇದರಾಗ ನಿಮ್ದು ಯಾವ ಕಡಿ, ತೋರಸ್ರಿ.”

“ಸಮುದ್ರದ ನೀರು ಯಾರೂ ಕುಡಿಯಂಗಿಲ್ಲ.”

“ಅದೂ ಈಗ ಕುಡದು ನೋಡೀನ್ರಿ,” ಅಂದಳು.

 ಆಕೆ ಮುಂದೆ, ಅವನು ಹಿಂದೆ, ಧಕ್ಕೆಯ ತನಕ ಹಾಗೇ ಬಂದರು.

ಹಡಗಿನಲ್ಲಿ ತುಳಜಾಬಾಯಿ ಕೊಡವನ್ನು ಚಾಪೆಗಳ ನಟ್ಟನಡುವೆ ಇಟ್ಟಳು. ಜಾನಬಿ ಕೇಳದೆ ಕರೆಯದೆ ಮೊಗೆದು ಕುಡಿದು, “ಭಾಳ ಸೀ ನೀರು ಬಾಯಿ,” ಅಂದಳು. ಗುಂಡಮ್ಮ ಮೊಣಕೈ ಊರಿ ಎದ್ದು ಕುಳಿತಳು. ಕೊಡ ನೋಡಿದಳು, ತುಳಜಾಬಾಯಿಯನ್ನು ನೋಡಿದಳು, ಆಮೇಲೆ ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದಳು.

“ಕೈ ಯಾಕ ಒಡ್ತಿಯಕ್ಕಾ?” ಅಂದಳು ತುಳಜಾಬಾಯಿ. “ನಾ ಮ್ಯಾಲಿಂದ ಹಾಕಂಗಿಲ್ಲ. ಚರಿಗಿ ತಗೊಂಡು ಕುಡಿ.”

“ಊರಾಗ ಗೊತ್ತಾದ್ರ ಅತ್ತಿ ನನಗ ಒಳಗ ಕರ್ಕೊಳ್ಳಂಗಿಲ್ಲ, ತುಳಜಾ.”

“ಊರಿಗಿ ಯಾರ್ ಹೇಳ್ತಾರ? ನಾ ಹೇಳಂಗಿಲ್ಲ. ಮುಕಾದಮ್ರು ಹೇಳಂಗಿಲ್ಲ, ಆ ನಳದ ನೀರು ಅವರೂ ಕುಡದಾರ. ಅವರಿಗಿಂತ ಮುಂಚೆ ಅದಕ್ಕ ಯಾರ್ಯಾರು ಕೈ ಹಚ್ಯಾರಂತ ಊರವರು ಕೇಳಿದ್ರ ಏನ್ ಹೇಳ್ತಾರ?”

ಗುಂಡಮ್ಮ ಸಾಯಬಣ್ಣನ ಕಡೆ ನೋಡಿದಳು. ಅವನು ಕಟಕಟೆ ಹಿಡಿದು ಹಿಂದೆ ಸರಿಯುತ್ತಿದ್ದ ಊರನ್ನು ನೋಡುತ್ತಿದ್ದ. ಗುಂಡಮ್ಮ ಚರಿಗೆ ಎತ್ತಿಕೊಂಡು ತುಂಬ ಕುಡಿದಳು. ರಾತ್ರಿಯಿಂದೀಚೆಗೆ ಮೊದಲ ಸಲ ನೀರು ಹೊಟ್ಟೆಯಲ್ಲಿ ನಿಂತಿತು. ಸಾಯಬಣ್ಣ ಕಾರವಾರದ ತನಕ ತುಕ್ಕಿನ ನಳವನ್ನೇ ನೆಚ್ಚಿಕೊಂಡ.

ಕಾರವಾರದಲ್ಲಿ ಫರ್ಸಿಯನ್ನು ದೋಣಿಗಳಿಂದ ದಂಡೆಗೆ ಇಳಿಸಿ ಹೊತ್ತು ಸಾಗಿಸುವುದಿತ್ತು. ಸಾಯಬಣ್ಣ ತನ್ನ ಮಾತು ಮರೆತಿರಲಿಲ್ಲ. “ಗುಂಡಮ್ಮ, ಇವತ್ತಿಂದ ನಿನ್ನ ಜೋಡಿ ಜಾನಬಿ,” ಅಂದ. ತುಳಜಾಬಾಯಿ ಗಂಟು ಹಿಡಿದು ಪಕ್ಕಕ್ಕೆ ನಿಂತಳು. ಜಾನಬಿ ಗುಂಡಮ್ಮನ ಭುಜಕ್ಕೂ ಬರುತ್ತಿರಲಿಲ್ಲ. ಎತ್ತಿದ ಮೊದಲ ಕಲ್ಲೇ ಅವಳ ಕಡೆ ವಾಲಿ, ಮೂಲೆ ಮರಳಿಗೆ ನಾಟಿತು. ಮರಳಾದ್ದರಿಂದ ಸೀಳಲಿಲ್ಲ.

ಗುಂಡಮ್ಮ ತನ್ನ ತುದಿಯನ್ನೂ ಕೆಳಗಿಟ್ಟಳು. “ನನ್ನ ಜೋಡಿ ಅಲ್ಲಿ ನಿಂತಾಳ.”

“ಆಕಿಗಿ ಕೆಲಸ ಇಲ್ಲ ಅಂತ ಹೇಳೀನಿ.”

“ಹಂಗಾದ್ರ ಈ ಕಲ್ಲಿಗೂ ಇಲ್ಲ,” ಎಂದು ಗುಂಡಮ್ಮ ಆ ಫರ್ಸಿಯ ಮೇಲೇ ಕುಳಿತಳು. ಜಾನಬಿಯೂ ಪಕ್ಕದಲ್ಲಿ ಕುಳಿತು ಎಲೆಯಡಿಕೆ ಚೀಲ ಬಿಚ್ಚಿದಳು.

“ಏಳು ಗುಂಡಮ್ಮ. ಮಂದಿ ನೋಡ್ಲಿಕತ್ತಾರ.”

“ನೋಡ್ಲಿ ಬಿಡ್ರಿ ಅಣ್ಣಾ. ನಾ ಕುಂತಿದ್ದು ನಮ್ಮ ಕಲ್ಲಿನ ಮ್ಯಾಲ.”

ದೋಣಿಯವರು ಬೇಗ ಇಳಿಸಿಕೊಳ್ಳಿರೆಂದು ಕೂಗುತ್ತಿದ್ದರು. ನೀರು ಏರುವ ಹೊತ್ತು ಹತ್ತಿರವಾಗಿತ್ತು. ಸಾಯಬಣ್ಣ ಒಮ್ಮೆ ದೋಣಿಯ ಕಡೆ, ಒಮ್ಮೆ ಕಲ್ಲಿನ ಕಡೆ ನೋಡಿದ. ಕೊನೆಗೆ ಯಾರ ಮುಖವನ್ನೂ ನೋಡದೆ, “ಹಿಡೀರಿ,” ಅಂದ. ತುಳಜಾಬಾಯಿ ಗಂಟು ಇಳಿಸಿ, ಸೆರಗು ಕಟ್ಟಿ, ಕಲ್ಲಿನ ಇನ್ನೊಂದು ತುದಿ ಹಿಡಿದಳು.

ಅವತ್ತು ಸಂಜೆ ಸಾಯಬಣ್ಣ ಕಾರವಾರದ ಪೇಟೆಗೆ ಹೋಗಿ ತನಗೊಂದು ಬೇರೆ ಮಣ್ಣಿನ ಗಡಿಗೆ ಕೊಂಡು ತಂದ. ಅತಿಥಿಗೃಹದ ನೆಲ ಮುಗಿಯುವ ತನಕ ಅದನ್ನು ದಿನಾ ತಾನೇ ತುಂಬಿಕೊಂಡು ಬಂದು, ಎಲ್ಲರಿಂದ ದೂರ, ಬೇರೊಂದು ಗಿಡದ ಕೆಳಗೆ ಇಟ್ಟುಕೊಳ್ಳುತ್ತಿದ್ದ.