ಮೀನಾಕ್ಷಮ್ಮನವರ ಒಂದೇ ಒಲೆ

ತೆರಿಗೆ ಲೆಕ್ಕ ಬರೆಯುವುದು ನನ್ನ ಕಸುಬು. ಕಿಬ್ಬನಹಳ್ಳಿಯ ಮೀನಾಕ್ಷಮ್ಮನವರ ಮನೆಯ ದಿನಸಿಯನ್ನೆಲ್ಲ ವ್ಯಾಪಾರದ ಖರ್ಚಿಗೆ ಸೇರಿಸಿದ ಜಾಣ ನಾನೇ. ಗಂಡ ತೀರಿಕೊಂಡ ಮೇಲೆ ಅವರು ಮನೆಯಲ್ಲೇ ಕೊಬ್ಬರಿ ವ್ಯಾಪಾರ ನಡೆಸುತ್ತಿದ್ದಾರೆ. ಅಟ್ಟದ ತುಂಬ ಕಾಯಿ, ಹಜಾರದ ತುಂಬ ಕರಟ, ನಡುವೆ ಸಂಸಾರ. ಯಾವುದು ಮನೆ, ಯಾವುದು ಅಂಗಡಿ ಎಂದು ಶಿವನೇ ಹೇಳಬೇಕು.

ಕಳೆದ ಶ್ರಾವಣದಲ್ಲಿ ನೋಟಿಸ್ ಬಂತು, ಹಿಂದೆಯೇ ತೆರಿಗೆ ಅಧಿಕಾರಿಯೂ ಬಂದರು. ಕರೆಂಟ್ ಬಿಲ್ಲಿನ ಅರ್ಧವನ್ನು ತಕರಾರಿಲ್ಲದೆ ಒಪ್ಪಿದರು. ದಿನಸಿಗೆ ಬಂದಾಗ ಪೆನ್ನು ನಿಂತಿತು.

“ಇಷ್ಟು ರಾಗಿ, ಅಕ್ಕಿ, ಬೇಳೆ ಎಲ್ಲಾ ಕೆಲಸದವರಿಗಾ?”

“ಅವರಿಗೇ ಸಾರ್,” ಎಂದೆ.

“ಹಾಗಾದ್ರೆ ಅವರ ಅಡುಗೆ ಬೇರೆನಾ? ಅಮ್ಮಾ, ನೀವೇ ಹೇಳಿ.”

‘ಹಿತ್ತಲಲ್ಲಿ ಕೆಲಸದವರಿಗೆ ಬೇರೆ ಒಲೆ ಇದೆ ಎಂದುಬಿಡಿ’ ಎಂದು ಹಿಂದಿನ ದಿನವೇ ಹೇಳಿಕೊಟ್ಟಿದ್ದೆ. ಅಲ್ಲಿದ್ದದ್ದು ನೀರು ಕಾಯಿಸುವ ಒಲೆ. ಅವರು ತಲೆಯಾಡಿಸಿದ್ದರೂ ಸಾಕಿತ್ತು, ನಲವತ್ತೆರಡು ಸಾವಿರ ಉಳಿಯುತ್ತಿತ್ತು. ಆದರೆ ಅವರ ಕಣ್ಣು ಪಕ್ಕಕ್ಕೆ ಹೊರಳಿತು.

ಎರಡು ಮಾರು ದೂರದಲ್ಲಿ ಜುಂಜಮ್ಮ ಕರಟ ಒಡೆಯುತ್ತಿದ್ದಳು. ಗೊಲ್ಲರಹಟ್ಟಿಯವಳು, ಹನ್ನೊಂದು ವರ್ಷದಿಂದ ಇದೇ ಮನೆಯ ಕೆಲಸ. ಮಧ್ಯಾಹ್ನ ಅಡುಗೆಮನೆಯಲ್ಲಿ ಯಜಮಾನಿಯ ಪಕ್ಕವೇ ಕೂತು ಉಣ್ಣುವವಳು. ನೆಂಟರು ಜಾತಿ ಎತ್ತಿ ಆಡಿಕೊಂಡಾಗಲೂ ಮೀನಾಕ್ಷಮ್ಮ ಜಗ್ಗಿರಲಿಲ್ಲ. ಈಗ ಜುಂಜಮ್ಮನ ಕೈ ನಿಂತಿತ್ತು, ಕಿವಿ ಇತ್ತಲೇ ಇತ್ತು. ನಾನು ಯಜಮಾನಿಗೆ ಕಣ್ಸನ್ನೆ ಮಾಡಿದೆ.

“ಇಲ್ಲ ಸಾರ್, ಒಂದೇ ಒಲೆ, ಒಂದೇ ಪಾತ್ರೆ,” ಎಂದರು ಮೀನಾಕ್ಷಮ್ಮ. “ಯಾರು ಎಷ್ಟು ಉಂಡ್ರು ಅಂತ ನಾನ್ಯಾವತ್ತೂ ಎಣಿಸಿಲ್ಲ.”

ಮನೆಯದೆಷ್ಟು, ಕೆಲಸದವರದೆಷ್ಟು ಎಂದು ಬಿಡಿಸಲಾಗದೆ ಅಧಿಕಾರಿ ದಿನಸಿಯ ಬಾಬ್ತಿಗೆ ಅಡ್ಡಗೀಟು ಎಳೆದರು. ದಂಡ ಸೇರಿ ನಲವತ್ತೆರಡು ಸಾವಿರ ಕಟ್ಟಬೇಕಾಯಿತು.

ತಪ್ಪು ನನ್ನದು, ಸಿಟ್ಟು ಮಾತ್ರ ಸಿಕ್ಕವರ ಮೇಲೆ. ಹೊರಡುವಾಗ ಜುಂಜಮ್ಮನಿಗೆ, “ನಿಮ್ಮ ಊಟದ ದೆಸೆಯಿಂದ ಅಮ್ಮನಿಗೆ ನಲವತ್ತೆರಡು ಸಾವಿರ ಹೊಡೀತು, ನೋಡು,” ಎಂದುಬಿಟ್ಟೆ. ಎಲುಬಿಲ್ಲದ ನಾಲಿಗೆ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮರುದಿನ ಸಹಿ ಹಾಕಿಸಲು ಹೋದಾಗ ಊಟದ ಹೊತ್ತು. ಜುಂಜಮ್ಮ ಒಳಗೆ ಬಾರದೆ ಜಗಲಿಯ ಮೇಲೆ ಸ್ಟೀಲ್ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಮೀನಾಕ್ಷಮ್ಮ ಬಿಸಿ ಮುದ್ದೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಇದೇನೇ ಇದು?”

“ನಮ್ಮಿಂದ ನಿಮ್ಗೆ ನಷ್ಟ ಬ್ಯಾಡ ಬುಡಿ, ಅಮ್ಮಾ. ಇನ್ಮ್ಯಾಕೆ ಮನೆಯಿಂದ್ಲೇ ತತ್ತೀನಿ.”

ಮೀನಾಕ್ಷಮ್ಮನವರ ಕಣ್ಣು ತುಂಬಿತು. “ನಾನು ಅಷ್ಟು ದುಡ್ಡು ಕಟ್ತಿರೋದು ನೀನು ಡಬ್ಬಿ ತರ್ಲಿ ಅಂತಲ್ಲ ಕಣೇ,” ಎಂದರು.

ಜುಂಜಮ್ಮ ಡಬ್ಬಿಯ ಅನ್ನವನ್ನೇ ಉಂಡು, ಕೈ ತೊಳೆದು, ಕೆಲಸಕ್ಕೆ ಕೂತಳು.