ಮಾವಶಿ ಅಳೆದ ನೀರು

ಮಾವಶಿಯ ಬಲಗೈ ತೋರುಬೆರಳಿನ ತುದಿಯಲ್ಲಿ ತೊಗರಿಬೇಳೆಯಷ್ಟಗಲದ ಬಿಳಿ ಕಲೆಯಿತ್ತು. ಕಾದ ಬೆಸುಗೆ ಕಡ್ಡಿ ತಾಗಿ ತಾಗಿ ಅಲ್ಲಿಯ ಚರ್ಮ ಸತ್ತೇಹೋಗಿತ್ತು. ಬಿಸಿ ಚಹದ ಬಟ್ಟಲಿಗೆ ಆ ಬೆರಳನ್ನೇ ಒತ್ತಿ, "ಇದಕ್ಕೇನೂ ತಿಳ್ಯಂಗಿಲ್ಲ ನೋಡು" ಎಂದು ನಗುತ್ತಿದ್ದರು.

ಮರಾಠಿ, ಕನ್ನಡ ಎರಡೂ ನಡೆಯುವ ಗಡಿಯೂರು ಉದಗೀರದ ನಮ್ಮ ಓಣಿಗೆಲ್ಲ ಅವರು ಮಾವಶಿಯೇ, ಅಂದರೆ ಚಿಕ್ಕಮ್ಮ. ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ಮೇಲೆ, ಬೇರೆ ಹೆಂಗಸರು ಶಾವಿಗೆ ಹೊಸೆಯುವ ಹೊತ್ತಿನಲ್ಲಿ ಇವರು ತಂತಿ ಹೊಸೆಯುತ್ತಿದ್ದರು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಸರ್ಕಿಟ್ ಬೋರ್ಡುಗಳನ್ನು ಪುಣೆಯಿಂದ ಅಂಚೆಯಲ್ಲಿ ತರಿಸಿ, ಫೋನಿನಲ್ಲಿ ಹಿಂದಿ ಪಾಠಗಳನ್ನು ನೋಡಿ ನೋಡಿ ಅವುಗಳಿಗೆ ಕೆಲಸ ಕಲಿಸುತ್ತಿದ್ದರು. ಕತ್ತಲಾಗುತ್ತಲೇ ಅವರ ಪಡಸಾಲೆಯ ದೀಪ ತಾನಾಗಿ ಹತ್ತಿಕೊಳ್ಳುತ್ತಿತ್ತು. "ಬಂದ್ಯಾ?" ಎಂದು ಅದನ್ನು ಮಾತಾಡಿಸುತ್ತಿದ್ದರು. ಹಾಸಿಗೆ ಹಿಡಿದ ನಮ್ಮ ಅತ್ತೆಗೂ ಒಂದು ಗುಂಡಿ ಮಾಡಿಕೊಟ್ಟಿದ್ದರು. ಅತ್ತೆ ಅದನ್ನು ಒತ್ತಿದರೆ ನನ್ನ ಅಡುಗೆಮನೆಯಲ್ಲಿ ಗಂಟೆ ಹೊಡೆಯುತ್ತಿತ್ತು. ನಾನು ಕಲಬುರ್ಗಿ ಕಡೆಯಿಂದ ಬಂದ ಸೊಸೆ. ಕನ್ನಡ ಮಾತಾಡಬೇಕೆನಿಸಿದಾಗಲೆಲ್ಲ ಅವರ ಮನೆಗೆ ಹೋಗಿ ಕೂರುತ್ತಿದ್ದೆ.

ಅವು ಬರದ ವರ್ಷಗಳು. ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಬಂದು ಓಣಿಯ ನೆಲತೊಟ್ಟಿಗೆ ನೀರು ಸುರಿದು ಹೋಗುತ್ತಿತ್ತು. ಪ್ರತಿ ಮನೆಗೂ ಇಷ್ಟೇ ಕೊಡ ಎಂದು ಗೊತ್ತುಮಾಡಿದ್ದರೂ ಮೂರನೆಯ ದಿನಕ್ಕೇ ತಳ ಕಾಣುತ್ತಿತ್ತು. ಎಲ್ಲರ ಅನುಮಾನ ಕೊನೆಯ ಖೋಲಿಯಲ್ಲಿ ಬಾಡಿಗೆಗಿದ್ದ, ದಾಲ್ ಮಿಲ್ಲಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಗಳ ಮೇಲೆ. ಅವಳಿಂದ ಖೋಲಿ ಬಿಡಿಸಬೇಕೆಂಬ ಮಾತೂ ಬಂತು.

ಕದಿಯುತ್ತಿದ್ದವಳು ನಾನು. ತೊಟ್ಟಿ ನಮ್ಮ ಬಚ್ಚಲ ಗೋಡೆಗೆ ಹೊಂದಿಕೊಂಡಿತ್ತು. ಓಣಿ ಉಂಡು ಮಲಗಿದ ಮಧ್ಯಾಹ್ನ, ಗೋಡೆಯ ಹಳೇ ಕಿಂಡಿಯಿಂದ ಕೂಲರಿನ ಸಣ್ಣ ಪಂಪು ಇಳಿಬಿಡುತ್ತಿದ್ದೆ. ಮೊದಮೊದಲು ಅತ್ತೆಯ ಹಾಸಿಗೆ ಬಟ್ಟೆ ಒಗೆಯಲೆಂದು. ಆಮೇಲೆ ಕೂಲರಿಗೂ ಆಯಿತು, ಮಲ್ಲಿಗೆ ಬಳ್ಳಿಗೂ ಆಯಿತು. ಅತ್ತೆಯ ಹೆಸರಿನ ನೆಪ ಮಾತ್ರ ಮನಸ್ಸಿನಲ್ಲಿ ಹಾಗೆಯೇ ಇಟ್ಟುಕೊಂಡಿದ್ದೆ.

ಜಗಳ ನಿಲ್ಲಲೆಂದು ಮಾವಶಿ ತೊಟ್ಟಿಯ ಮುಚ್ಚಳದ ಒಳಗೆ ಒಂದು ಯಂತ್ರ ಕೂರಿಸಿದರು. ಅದು ನೀರಿನತ್ತ ಸದ್ದು ಕಳಿಸಿ, ಸದ್ದು ಮರಳುವ ಹೊತ್ತಿನಿಂದ ನೀರು ಎಷ್ಟು ಕೆಳಗಿದೆಯೆಂದು ಅಳೆದು ಬರೆದಿಡುತ್ತಿತ್ತು. ನನಗೆ ಆಗ ಅದು ಆಟಿಕೆಯಂತೆ ಕಂಡಿತ್ತು. ನಾನು ನಿಲ್ಲಿಸಲಿಲ್ಲ.

ಎರಡು ವಾರದ ನಂತರ ಮಾವಶಿ ನನ್ನನ್ನು ಕರೆದು, ಯಂತ್ರದ ಲೆಕ್ಕವನ್ನು ಗೆರೆಯಾಗಿ ಎಳೆದ ಕಾಗದವೊಂದನ್ನು ಬಿಚ್ಚಿದರು. ದಿನವೂ ಮಧ್ಯಾಹ್ನ ಎರಡೂವರೆಗೆ ಗೆರೆ ಕೆಳಗಿಳಿದಿತ್ತು. ನಡುವೆ ಮೂರು ದಿನ ಮಾತ್ರ ಆ ಹೊತ್ತಿಗೆ ಗೆರೆ ಅಲುಗಿರಲಿಲ್ಲ.

"ಈ ಮೂರ ದಿನ ನೀ ತವರಮನಿಗೆ ಹೋಗಿದ್ದಿ" ಎಂದರು.

ಅವರು ಕಾಗದವನ್ನು ನನ್ನತ್ತ ಸರಿಸಿದರು.

"ನಾಳೆ ಎಲ್ಲಾರೂ ಕೂಡ್ತಾರ. ನೀನ ಹೇಳವ್ವಾ. ನಾ ಹೇಳಿದ್ರ ನೀ ಸಿಕ್ಕಬಿದ್ದಂಗ. ನೀ ಹೇಳಿದ್ರ ನಾಕು ಮಂದಿ ಬೈತಾರ, ಆಮ್ಯಾಲ ಮರೀತಾರ."

ಹೇಳುತ್ತೇನೆಂದು ಅವರ ಕೈ ಹಿಡಿದುಕೊಂಡು ಮಾತು ಕೊಟ್ಟೆ.

ಮರುದಿನ, ಆ ಖೋಲಿಯ ಮಾಲೀಕರಾದ ಕಿರಾಣಿ ಅಂಗಡಿ ಸಾವಕಾರರ ಕಟ್ಟೆಯ ಮೇಲೆ ಓಣಿಯೆಲ್ಲ ಸೇರಿತು. ಮಾವಶಿ ಕಾಗದ ತೋರಿಸಿ ಮಿಲ್ಲಿನ ಹೆಣ್ಣುಮಗಳ ಕಡೆ ಕೈ ಮಾಡಿದರು. "ನೀರ ಇಳಿಯೋದು ಎರಡೂವರಿಗೆ. ಆ ಹೊತ್ತಿನ್ಯಾಗ ಈಕಿ ಮಿಲ್ಲಿನ್ಯಾಗ ಇರ್ತಾಳ. ಈಕಿ ಅಲ್ಲ."

"ಮಗ ಕೋಣ್? ಯಾರು ಹಂಗಾರ?" ಎಂದು ಸಾವಕಾರರು ಮರಾಠಿ ಬೆರೆಸಿ ಕೇಳಿದರು.

ಮಾವಶಿ ನನ್ನನ್ನು ನೋಡಿದರು. ಎಲ್ಲರೂ ಅತ್ತಿತ್ತ ನೋಡತೊಡಗಿದರು. ನಾನು ಬಾಯಿ ತೆರೆದೆ. ಬಂದ ಮಾತು ಮಾತ್ರ ಬೇರೆ.

"ಬಿಸಲಿಗೆ ಮಷೀನ್ ತಪ್ಪ ತೋರಿಸ್ತದೇನೋ ರೀ."

"ಅದೂ ಖರೇನ ಅದ" ಎಂದು ಯಾರೋ ಅಂದರು. ಯಂತ್ರವೇ ಸುಳ್ಳಾದರೆ ಕಾಗದವೂ ಸುಳ್ಳು. ಎಲ್ಲರ ಕಣ್ಣು ಮತ್ತೆ ಮಿಲ್ಲಿನ ಹೆಣ್ಣುಮಗಳ ಮೇಲೆ ನಿಂತಿತು. "ಖೋಲಿ ಖಾಲಿ ಮಾಡು" ಎಂದು ಸಾವಕಾರರು ಕೈ ಎತ್ತಿದರು. ಅವಳು ಸೆರಗಿನ ತುದಿ ಕಚ್ಚಿಕೊಂಡಳು.

ಮಾವಶಿ ಕಾಗದವನ್ನು ನಾಲ್ಕು ಮಡಿಕೆ ಮಾಡಿದರು.

"ಆಕಿನ್ನ ಬಿಡ್ರಿ. ನೀರ ನಾ ತಗೊಂಡೀನಿ. ಮಷೀನ್ ಬರೋಬರಿ ಅಳೀತದೋ ಇಲ್ಲೋ ನೋಡಲಿಕ್ಕ ದಿನಾ ತಗದು ಚೆಲ್ಲಿದೆ."

ಓಣಿಯವರು ಆಡಬಾರದ್ದೆಲ್ಲ ಆಡಿದರು. ಇಷ್ಟು ವಯಸ್ಸಾಗಿ ಬರಗಾಲದಲ್ಲಿ ನೀರು ಚೆಲ್ಲುವ ಹುಚ್ಚೇ ಎಂದರು. ಯಂತ್ರವನ್ನು ಕಿತ್ತು ಅವರ ಅಂಗಳಕ್ಕೆ ಎಸೆದರು. ಆ ಬೇಸಿಗೆ ಮುಗಿಯುವವರೆಗೂ ಅವರ ಪಾಲು ಅರ್ಧಕ್ಕಿಳಿಯಿತು. ರಿಪೇರಿಗೆಂದು ಮಿಕ್ಸರ್, ಟಾರ್ಚು ಹಿಡಿದು ಅವರ ಬಾಗಿಲಿಗೆ ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು.

ನಾನು ಪಂಪು ತೆಗೆದೆ, ಕಿಂಡಿಗೆ ಸಿಮೆಂಟು ಮೆತ್ತಿದೆ. ಮಾರನೆಯ ದಿನ ಒಂದು ಕೊಡ ನೀರು ಹೊತ್ತು ಅವರ ಹಿತ್ತಿಲ ಬಾಗಿಲಿಗೆ ಹೋದೆ.

"ಯಾರ ಪಾಲಿನ ನೀರವ್ವಾ ಇದು?"

"ನಂದೇ ರೀ."

ಅರ್ಧ ಕೊಡ ಸುರಿದುಕೊಂಡು ಉಳಿದದ್ದನ್ನು ವಾಪಸು ಕೊಟ್ಟರು. "ಮನ್ಯಾಗ ಅತ್ತಿ ಇದ್ದಾರ, ಬೇಕಾಗ್ತದ." ಆ ಬೇಸಿಗೆಯುದ್ದಕ್ಕೂ ಹೀಗೇ ನಡೆಯಿತು. ಕಟ್ಟೆಯ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಅವರು ಒಮ್ಮೆ ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ, ನಾನೂ ಕ್ಷಮೆ ಕೇಳಲಿಲ್ಲ. ಮಳೆಗಾಲ ಬರಲಿ, ನೀರಿನ ಮಾತು ತಣ್ಣಗಾಗಲಿ, ಆಗ ಎಲ್ಲರೆದುರು ಹೇಳುತ್ತೇನೆಂದು ನನಗೆ ನಾನೇ ಗಡುವು ಕೊಟ್ಟುಕೊಳ್ಳುತ್ತಿದ್ದೆ. ಮಳೆ ಬಂತು. ಒಂದಲ್ಲ, ಎರಡು ಮಳೆಗಾಲ ಕಳೆದವು.

ಮೂರನೆಯ ವರ್ಷ ಮಾವಶಿ ಎದೆನೋವಿನಿಂದ ಒಂದೇ ದಿನದಲ್ಲಿ ಹೋದರು. ಮಣ್ಣಿಗೆ ಒಯ್ಯುವ ಮುನ್ನ ಓಣಿಯ ಹೆಂಗಸರೆಲ್ಲ ಸುತ್ತ ಕೂತಿದ್ದೆವು. ಮಿಲ್ಲಿನ ಹೆಣ್ಣುಮಗಳು ಅವರ ಕಾಲ ಬಳಿ ಕೂತು ಎಲ್ಲರಿಗಿಂತ ಹೆಚ್ಚು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ ಹೇಳಿದಳು:

"ನೀರ ಕದ್ರೂ ಮಾವಶಿ ಭಾಳ ಛಲೋ ಮನಷ್ಯಾಳಿದ್ಳು. ಹೌದಿಲ್ರೀ ಅಕ್ಕಾ?"

ನಾನು ಹೌದೆಂದು ತಲೆಯಾಡಿಸಿದೆ.