ಎರಡೂವರೆ ಅಡಿಯ ಹೆಜ್ಜೆ

ನಾನು ಐದನೆಯ ಇಯತ್ತೆಗೆ ಸಾಲಿ ಬಿಟ್ಟ ವರ್ಷ ಅಪ್ಪ ನನ್ನ ಎರಡೂ ಕಾಲಿಗೆ ಹಗ್ಗ ಕಟ್ಟಿದ. ಶಿಕ್ಷೆಗಲ್ಲ, ಕಲಿಸಲಿಕ್ಕೆ. ಹೆಜ್ಜೆ ಎರಡೂವರೆ ಅಡಿ ದಾಟಗೊಡದ ಹಗ್ಗ ಅದು. ಟಿಕೋಟಾದ ನಮ್ಮ ಹೊಲದ ಬದುವಿನಗುಂಟ ಒಂದು ಬೇಸಿಗೆ ಪೂರ್ತಿ ಹಾಗೇ ನಡೆದೆ. ಹಗ್ಗ ಬಿಚ್ಚಿದ ಮೇಲೂ ಕಾಲು ಅಳತೆ ಮರೆಯಲಿಲ್ಲ.

ಅಂದಿನಿಂದ ದ್ರಾಕ್ಷಿ ಪಡಗಳಿಗೆ, ಅಂದರೆ ತೋಟಗಳಿಗೆ, ಸಾಲಿನ ಗುರುತು ಹಾಕುವುದು ನನ್ನ ಕೆಲಸ. ನಾಲ್ಕು ಹೆಜ್ಜೆಗೆ ಹತ್ತು ಅಡಿ. ಅಲ್ಲೊಂದು ಚಿಟಿಕೆ ಸುಣ್ಣ, ಆಮೇಲೆ ಅಲ್ಲೊಂದು ಕಂಬ. ಬಿಜ್ಜರಗಿಯಿಂದ ಬಬಲೇಶ್ವರದ ತನಕ ಎಷ್ಟೋ ಪಡಗಳು ನನ್ನ ಕಾಲಿನ ಮೇಲೆ ನಿಂತಿವೆ. ಯಾರಾದರೂ ಟೇಪು ತೆಗೆದರೆ, "ಕಿಸೇದಾಗ ಇಟ್ಕೊರಿ ಅದನ್ನ" ಎನ್ನುತ್ತಿದ್ದೆ.

ಹೋದ ಚಳಿಗಾಲ ಪಡದ ಕಂಬಗಳಿಗೆ ಕಟ್ಟುವ ತಂತಿ ತರಲು ವಿಜಯಪುರಕ್ಕೆ ಹೋಗಿದ್ದೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅಂಗಡಿ. ಅಂಗಡಿಯವ ತಂತಿಯನ್ನು ಓಣಿಯುದ್ದಕ್ಕೂ ಬಿಚ್ಚಿ ಹಾಸಿದ. ನಾನು ಅದರ ಪಕ್ಕದಲ್ಲಿ ನಡೆದು ಅಳೆದೆ. ಮೇಲಿನ ಮಾಳಿಗೆಯಿಂದ ಒಬ್ಬ ಹೆಣ್ಣುಮಗಳು ನೋಡುತ್ತಿದ್ದರು, ಕೆಳಗಿಳಿದು ಬಂದರು. ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವ ಅಕ್ಕೋರು.

"ಕಾಕಾ, ಇನ್ನೊಮ್ಮೆ ನಡೀತೀರಿ?"

"ಇಂವಗ ಸಾಲಿ ಕಡಿಮಿ ಅಕ್ಕೋರ, ಕಾಲ ಜಾಸ್ತಿ" ಎಂದು ಅಂಗಡಿಯವ ನಕ್ಕ.

ಅಕ್ಕೋರು ಬಣ್ಣ, ಕುಂಚ ಎಲ್ಲ ಬದಿಗಿಟ್ಟು ಎರಡು ವರ್ಷವಾಗಿತ್ತಂತೆ. ಈಗ ನಡೆಯುವುದೇ ಅವರ ಚಿತ್ರ. ನನಗೆ ನಗು ತಡೆಯಲಾಗಲಿಲ್ಲ. "ನಡದ್ರ ಅದೆಂಥಾ ಚಿತ್ರರೀ? ಹಂಗಾದ್ರ ನಮ್ಮ ಎತ್ತೂ ಚಿತ್ರ ಬಿಡಸ್ತಾವ."

"ಬಿಡಸ್ತಾವ ಕಾಕಾ. ನಾವು ನೋಡಂಗಿಲ್ಲ, ಅಷ್ಟ."

ಒಂದು ದಿನ ತಮ್ಮ ಜೊತೆ ನಡೆಯಬೇಕೆಂದು ಕೇಳಿದರು. ದಾರಿ ನಾನು ಹೇಳಿದ್ದು. ಟಿಕೋಟಾದಿಂದ ಬಬಲೇಶ್ವರ ಎಂದೆ. ಬಬಲೇಶ್ವರದ ನನ್ನ ದೋಸ್ತನ ಹೊಲದಲ್ಲಿ ಹೊಸ ಪಡಕ್ಕೆ ಅದೇ ವಾರ ಗುರುತು ಹಾಕಿದ್ದೆ, ಅದನ್ನು ಅವರಿಗೆ ತೋರಿಸುವ ಆಸೆ. ಮಳೆಗಾಲದಲ್ಲಿ ಟ್ರಾಲಿಯಿಂದ ಬಿದ್ದು ಎಡ ಮೊಣಕಾಲು ಹಿಡಿದಿತ್ತು. ಅದನ್ನು ಅವರಿಗೂ ಹೇಳಲಿಲ್ಲ, ಯಾರಿಗೂ ಹೇಳಿರಲಿಲ್ಲ. ನೋವು ಕಾಲಿನದು, ಅಳತೆ ನನ್ನದು ಎಂದುಕೊಂಡಿದ್ದೆ.

ನಸುಕಿಗೇ ಹೊರಟೆವು. ಅವರ ಷರತ್ತು ಎರಡೇ: ಮಾತಿಲ್ಲ, ಎಣಿಕೆಯಿಲ್ಲ. ಮೊದಲನೆಯದು ಸಲೀಸು. ಎರಡನೆಯದಕ್ಕೆ ಒದ್ದಾಡಿದೆ. ಒಂದು, ಎರಡು, ಮೂರು, ನಾಲ್ಕು ಎಂದು ಒಳಗೆ ಯಾರೋ ಹೇಳುತ್ತಲೇ ಇದ್ದರು. ಎರಡೂ ಕಡೆ ಬಿಳಿಜೋಳ. ತೆನೆಗಳ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ಆ ಕೆನೆಯೊಳಗಿನಿಂದ ಒಂದು ಕುರಿ ಹಿಂಡು ಹೊರಬಂದು, ನಮ್ಮನ್ನು ಸುತ್ತಿಕೊಂಡು, ಮತ್ತೆ ಅದರೊಳಗೇ ಹೋಯಿತು. ಗಂಟೆಯ ಸಪ್ಪಳ ಮಾತ್ರ ಬಹಳ ದೂರ ಜೊತೆಗೆ ಬಂತು. ಅದು ನಿಂತಾಗ ನೋಡುತ್ತೇನೆ, ನನ್ನೊಳಗಿನ ಎಣಿಕೆಯೂ ನಿಂತಿದೆ.

ಅಲ್ಲಿಂದ ಮುಂದೆ ಎಷ್ಟು ದೂರ ನಡೆದೆವೋ ಹೇಳಲಾರೆ. ಕಾಲು ನನ್ನದಲ್ಲವೆನಿಸಿತು. ಮುಂದೆ ಅಪ್ಪ ಹೋಗುತ್ತಿದ್ದಾನೆ, ಅವನ ಧೋತರದ ಅಂಚು ಇಬ್ಬನಿಗೆ ತೊಯ್ದಿದೆ, ನನ್ನ ಕಾಲಿನ ಹಗ್ಗದ ಇನ್ನೊಂದು ತುದಿ ಅವನ ಕೈಯಲ್ಲಿದೆ. ಹೆದರಿಕೆಯೇನಿಲ್ಲ. ಹಗ್ಗ ಜಗ್ಗಿದಲ್ಲೆಲ್ಲ ಹೆಜ್ಜೆ ಇಡುತ್ತ ಹೋದೆ. ಬಿಸಿಲು ಬಂದು ಮಂಜು ಕರಗಿತು, ಅಪ್ಪ ಕರಗಲಿಲ್ಲ. ಎದುರಿನಿಂದ ಬಂದ ಬಸ್ಸು ಹಾರ್ನ್ ಹೊಡೆದಾಗಲೇ ಅವನು ಬದಿಗೆ ಸರಿದದ್ದು.

ಹೊತ್ತು ಇಳಿಯುವಾಗ ಡಾಂಬರು ಬಿಟ್ಟು ದೋಸ್ತನ ಹೊಲದ ಎರೆಮಣ್ಣಿನ ದಾರಿ ಹಿಡಿದೆವು. ಅಕ್ಕೋರು ನನ್ನ ಎರಡೂ ಪಾದದ ಮೇಲೆ ತೆಳ್ಳನೆ ಬಟ್ಟೆಯ ಗಂಟು ಕಟ್ಟಿದರು. ಒಳಗೆ ರಂಗೋಲಿ ಪುಡಿ. ಕಾಲೂರಿದಲ್ಲೆಲ್ಲ ಒಂದು ಬಿಳಿ ಚುಕ್ಕೆ ಬೀಳುತ್ತಿತ್ತು. ಹೊಲದ ಅಂಚಿಗೆ ಬಂದಾಗ ಅವರು ಷರತ್ತು ಮುರಿದು ಮಾತಾಡಿದರು.

"ಹಿಂದ ತಿರುಗಿ ನೋಡ್ರಿ ಕಾಕಾ. ತಾಳ ಐತಿ ಇದರಾಗ! ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ."

ನೋಡಿದೆ. ಕರೀ ನೆಲದ ಮೇಲೆ ಚುಕ್ಕೆಗಳು ಚಂದವಾಗಿಯೇ ಇದ್ದವು. ಕೂತು ಗೇಣು ಹಾಕಿದೆ. ಬಲಗಾಲಿನ ಹೆಜ್ಜೆ ಸರಿ. ಎಡಗಾಲಿನದು ಅರ್ಧ ಗೇಣು ಕಡಿಮೆ. ಇನ್ನೊಂದು ಜೋಡಿ ಅಳೆದೆ. ಅದೂ ಹಾಗೇ. ಅಂದರೆ ನಾಲ್ಕು ಹೆಜ್ಜೆಗೆ ಒಂದು ಗೇಣು. ದೋಸ್ತನ ಹೊಲದಲ್ಲಿ ನನ್ನ ಸುಣ್ಣದ ಗುರುತುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮರುದಿನ ಮುಂಜಾನೆ ಅಲ್ಲೆಲ್ಲ ಕುಣಿ ತೋಡುವವರಿದ್ದರು. ಒಮ್ಮೆ ಕಂಬ ನಿಂತರೆ ಹದಿನೈದು ವರ್ಷ. ಬಳ್ಳಿ ತೋಳು ಚಾಚಿದ ಮೇಲೆ ಆ ಇಕ್ಕಟ್ಟಿನ ಸಾಲಿನಲ್ಲಿ ಔಷಧ ಹೊಡೆಯುವ ಟ್ರ್ಯಾಕ್ಟರ್ ಪ್ರತಿಸಲವೂ ಗೊನೆ ಕೆರೆದುಕೊಂಡೇ ಹೋಗಬೇಕು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯುವ ಹೊತ್ತಿಗೆ ನಾನು ಇರುತ್ತಿದ್ದೆನೋ ಇಲ್ಲವೋ.

ದೋಸ್ತ ಬಂದವನೇ ನನ್ನ ಕಾಲು ನೋಡಿ ಕೂಗಿದ: "ಏನಲೇ, ಲಕ್ಷ್ಮಿ ಹೆಜ್ಜಿ ಹಾಕ್ಕೊಂತ ಬರಾಕತ್ತೀ? ಮನ್ಯಾಗ ಬಂಗಾರ ಏನರ ಬೀಳ್ತೈತೇನು?"

"ಟೇಪು ತಗೊಂಡ ಬಾ" ಎಂದೆ.

"ಏನಂದಿ?"

"ಟೇಪು."

"ನಿನ್ನ ಬಾಯಾಗ ಈ ಮಾತು! ಅಕ್ಕೋರ, ಇಂವಗ ಬಿಸಿಲು ತಾಗೇತಿ, ನೀರು ಕುಡಸ್ರಿ."

"ನನ್ನ ಕಾಲು ಸುಳ್ಳು ಹೇಳೇತಿ ಮಾರಾಯಾ. ತಗೊಂಡ ಬಾ ಮೊದಲ."

ಆಗ ಅವನ ನಗು ನಿಂತಿತು. ಅವನು ಟೇಪು ತಂದು ಒಂದು ತುದಿ ಹಿಡಿದ, ನಾನು ಇನ್ನೊಂದು ತುದಿ ಹಿಡಿದು ನಡೆದೆ. ಒಂಬತ್ತು ಅಡಿ ಮೂರು ಇಂಚು. ಮುಂದಿನದೂ ಅಷ್ಟೇ. ಸುಳ್ಳಿನಲ್ಲೂ ನನ್ನ ಕಾಲು ಲೆಕ್ಕ ತಪ್ಪಿರಲಿಲ್ಲ. ಇದನ್ನು ಬರೆಯುವಾಗಲೂ ಅಷ್ಟು ಜಂಬ ಉಳಿದಿದೆ. ದೋಸ್ತ ಬಯ್ಯಲಿಲ್ಲ. "ಕಾಲಿಗೇನಾಗೇತಿ?" ಎಂದಷ್ಟೇ ಕೇಳಿದ. ಆರು ತಿಂಗಳಲ್ಲಿ ಮೊದಲ ಸಲ ಹೇಳಿದೆ.

ಹಳೆಯ ಗುರುತುಗಳನ್ನು ಕಾಲಿನಿಂದಲೇ ಒರೆಸುತ್ತ ಹೊಸದಾಗಿ ಅಳೆದೆವು. ಸುಣ್ಣ ಸಾಲಲಿಲ್ಲ. ಅಕ್ಕೋರು ತಮ್ಮ ಚೀಲದಲ್ಲಿ ಉಳಿದಿದ್ದ ರಂಗೋಲಿ ಸುರಿದುಕೊಟ್ಟರು. ಹೊತ್ತು ಮುಳುಗುವಾಗ ಕೊನೆಯ ಸಾಲಿನಲ್ಲಿದ್ದೆ. ಟೇಪಿನ ತುದಿ ನನ್ನ ಕೈಯಲ್ಲಿ. ಅದರ ಇನ್ನೊಂದು ತುದಿಯನ್ನು ಯಾರೋ ಮೆಲ್ಲಗೆ ಜಗ್ಗಿದರು. "ಸಾಕು, ನಿಂದ್ರು" ಎಂದ ದೋಸ್ತ. ನಿಂತಲ್ಲೇ ಬಗ್ಗಿ ಚುಕ್ಕೆ ಇಟ್ಟೆ.